ಅಕ್ಕ ತೊಳೆದುಕೊಂಡು ಬಂದ ಮುಖ

ಮೊಮ್ಮಗಳು ಮೊನ್ನೆ ತಂದಿಟ್ಟ ದಪ್ಪ ಫೋಟೋ ಪುಸ್ತಕ ತೆರೆದೆ. ಕಪ್ಪು ಜನಾಂಗದ ಕಲಾವಿದರು ತಮ್ಮ ಪೋರ್ಟ್ರೇಟ್ ಹೇಗಿರಬೇಕೆಂದು ತಾವೇ ತೀರ್ಮಾನಿಸಿ ಕೂತ ಚಿತ್ರಗಳು. ಒಬ್ಬಾಕೆ ಗದ್ದ ಎತ್ತಿ, ಕ್ಯಾಮೆರಾಕ್ಕೇ ಸವಾಲು ಹಾಕುವಂತೆ ನೋಡುತ್ತಿದ್ದಳು. ಆ ಗದ್ದ ನನಗೆ ಗೊತ್ತಿತ್ತು...

ಗಂಗಾವತಿಯಲ್ಲಿ ನಮ್ಮ ಬಾಜೂ ಮನೆಯ ಅಕ್ಕ ನಾಟಕ ಕಂಪನಿಯ ಕಲಾವಿದೆ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕಪ್ಪು ಎನ್ನದೆ 'ಡಸ್ಕಿ' ಎಂದು ನಯವಾಗಿ ಹೇಳುತ್ತಿದ್ದ ಬಣ್ಣ ಅವಳದು. ಊರಿನ ಸ್ಟುಡಿಯೋದವನಿಗೆ ಅಷ್ಟು ನಯವೂ ಇರಲಿಲ್ಲ. ಗಂಡಿನ ಕಡೆಯವರಿಗೆ ತೋರಿಸುವ ಫೋಟೋಗಳಿಂದಲೇ ಬದುಕಿದವನು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ತಾಲೂಕಿನ ಹುಡುಗಿಯರನ್ನೆಲ್ಲ ಮೈದಾ ಹಿಟ್ಟಿನ ಬೊಂಬೆ ಮಾಡಿಬಿಡುತ್ತಿದ್ದ. ತನ್ನನ್ನು ಆರ್ಟಿಸ್ಟ್ ಎಂದು ಬೇರೆ ಕರೆದುಕೊಳ್ಳುತ್ತಿದ್ದ. ಆರ್ಟಿಸ್ಟ್ ಅಂತೆ!

ಅಕ್ಕನ ಫೋಟೋಕ್ಕೂ ಅದೇ ಗತಿಯಾಯಿತು. ತರಲು ಹೋದಾಗ ನಾನೂ ಜೊತೆಗಿದ್ದೆ.

"ಯಾರ್ರೀ ಇಕಿ? ನಿಮ್ಮ ಬೀಗತಿ ಏನು?" ಎಂದಳು ಅಕ್ಕ.

"ನೀವ ಅಕ್ಕಾರ. ಒಂಚೂರು ಬೆಳ್ಳಗ ಮಾಡೀನಿ," ಎಂದು ಹಲ್ಲು ಕಿರಿದ.

"ರಾತ್ರಿ ಬಣ್ಣ ಹಚ್ಕೊಳ್ಳೋದು ಹೊಟ್ಟಿಪಾಡು. ಇದು ನಾ ಸತ್ತ ಮ್ಯಾಲೆ ಗ್ವಾಡಿಗಿ ಹಾಕೋ ಫೋಟೋ. ಅಲ್ಲಿನೂ ಪಾತ್ರ ಮಾಡ್ಲೇನು?"

ಅಲ್ಲೇ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು, ಗದ್ದ ಎತ್ತಿ ಮತ್ತೆ ಕೂತಳು. ಪೌಡರ್ ಇಲ್ಲ, ಪೆನ್ಸಿಲ್ ಮುಟ್ಟುವಂತಿಲ್ಲ. ಅವನು ತೆಗೆದುಕೊಟ್ಟ, ಆದರೆ ಫೋಟೋದ ಹಿಂಬದಿಗೆ ಸ್ಟುಡಿಯೋದ ಸೀಲು ಹೊಡೆಯಲಿಲ್ಲ. ಮಾನ ಹೋಗುತ್ತಿತ್ತಂತೆ. ಆ ಫೋಟೋವನ್ನು ಅಕ್ಕ ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿಯೇ ತೂಗುಹಾಕಿದಳು. ಬಂದವರು ಚಹಾ ಕುಡಿಯುತ್ತ ಅದನ್ನು ನೋಡಿ ಮುಖ ಸಿಂಡರಿಸಿದರೆ ಅವಳಿಗೆ ಒಳಗೊಳಗೇ ನಗು...

ಹೋದ ವರ್ಷ ಅವಳು ತೀರಿಕೊಂಡಾಗ ನಾನು ಮಂಡಿ ಆಪರೇಷನ್ ಆಗಿ ಮಲಗಿದ್ದೆ. ಪುಸ್ತಕದ ಆ ಗದ್ದ ನೋಡಿದ ಮೇಲೆ ಮನಸ್ಸು ತಡೆಯಲಿಲ್ಲ. ನಿನ್ನೆ ಮಲ್ಲಿಗೆ ಮಾಲೆ ಕೊಂಡು ಅವಳ ತಮ್ಮನ ಮಗನ ಮನೆಗೆ ಹೋದೆ. ಗೋಡೆಯ ಮೇಲೆ, ದೊಡ್ಡ ಫ್ರೇಮಿನಲ್ಲಿ, ಹಾಲುಬಿಳಿಯ ಹೆಂಗಸೊಬ್ಬಳು.

"ಕಂಪ್ಯೂಟರ್‌ದಾಗ ಮಾಡ್ಸೇವ್ರಿ ಅಮ್ಮಾರ. ಹಳೇದು ಭಾಳ ಕಪ್ಪಿತ್ತು, ಬೀಗರ ಮುಂದ ಛಲೋ ಕಾಣ್ತಿದ್ದಿಲ್ಲ. ಅದನ್ನ ಒಗದ್ವಿ."

ಸೋಫಾ, ಶೋಕೇಸು, ಗೋಡೆಗೆ ಅಂಟಿಸಿದ ಪ್ಲಾಸ್ಟಿಕ್ ಚಿಟ್ಟೆ, ಎಲ್ಲಕ್ಕೂ ಜಾಗವಿತ್ತು ಈ ಚೀಪ್ ಜನರ ಮನೆಯಲ್ಲಿ. ಪೆನ್ಸಿಲ್ ಹಿಡಿದವನಿಗೆ ಕೈಕಸುಬಾದರೂ ಇತ್ತು.

"ಯಾರಪ್ಪಾ ಇಕಿ?" ಎಂದೆ.

ನನಗೆ ಅರಳುಮರಳು ಎಂದುಕೊಂಡನೇನೋ, ಮೆಲ್ಲಗೆ ಕುರ್ಚಿ ಎಳೆದುಕೊಟ್ಟ.

ಮಾಲೆಯನ್ನು ವಾಪಸ್ ತಂದೆ. ಫ್ರಿಜ್‌ನಲ್ಲಿದೆ, ತರಕಾರಿಯ ಪಕ್ಕ. ಅವಳ ಮುಖ ಇನ್ನು ಉಳಿದಿರುವುದು ನನ್ನ ಕಣ್ಣಿನಲ್ಲಷ್ಟೇ. ಆ ಕಣ್ಣಿಗೂ ಪೊರೆ ಬಂದಿದೆ...