ಫ್ಯಾನ್ ತಿರುಗದ ಕೋಣೆ

ಆ ಮನೆಯ ಮುಂದಿನ ಕೋಣೆಯಲ್ಲಿ ಫ್ಯಾನ್ ಇಲ್ಲವೆಂದಲ್ಲ. ಇದೆ, ಮೂರು ರೆಕ್ಕೆಯದು, ಗಟ್ಟಿಮುಟ್ಟಾಗಿಯೇ ಇದೆ. ಆದರೆ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅದರ ಸ್ವಿಚ್ಚಿಗೆ ಕೈ ಹಾಕಿದವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಯಾಕೆಂದರೆ ಆ ಹೊತ್ತಿನಲ್ಲಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಯಾರದೋ ವಾಚು ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತದೆ. ಸಾಸಿವೆಗಿಂತ ಸಣ್ಣ ಸ್ಕ್ರೂಗಳು, ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುವ ಸ್ಪ್ರಿಂಗು. ಅಂಥ ಕಡೆ ಫ್ಯಾನ್ ಹಾಕುವವರಿಗೆ ಏನನ್ನಬೇಕು, ನೀವೇ ಹೇಳಿ.

ಮೇಜಿನ ಹಿಂದೆ ಕೂರುವವರು ಮುಳ್ಳು ಮಾಮ. ಬೀದಿಯವರು ಇಟ್ಟ ಹೆಸರು. ಗಡಿಯಾರದ ಮುಳ್ಳು ಸರಿಮಾಡುತ್ತಾರೆ, ಅದಕ್ಕೇ ಆ ಹೆಸರು ಎಂದು ಕೆಲವರು. ಮಾತಾಡಿಸಿದರೆ ಚುಚ್ಚುತ್ತಾರೆ, ಅದಕ್ಕೆ ಎಂದು ಉಳಿದವರು. ಎರಡೂ ನಿಜ. ಅವರ ಹೆಂಡತಿಯನ್ನು ಬೀದಿಗೆ ಬೀದಿಯೇ ಅತ್ತೆ ಎನ್ನುತ್ತದೆ. ಅತ್ತೆಗೆ ಶಾಲೆಯೊಂದರ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಕೆಲಸ. ಮದುವೆಯಾದ ಹೊಸದರಲ್ಲಿ, ಪಾಪ, ಗಂಡ ಬೆವರುತ್ತಿದ್ದಾನಲ್ಲ ಎಂದು ಒಂದು ಮಧ್ಯಾಹ್ನ ಫ್ಯಾನ್ ಹಾಕಿಬಿಟ್ಟಿದ್ದರು. ಹಾರಿಹೋದ ಸ್ಪ್ರಿಂಗಿಗಾಗಿ ಹೊಸ ದಂಪತಿಗಳು ಮೂರು ದಿನ ನೆಲದ ಮೇಲೆ ತೆವಳಾಡಿದರು. ಕೊನೆಗೆ ಅದು ಸಿಕ್ಕಿದ್ದು ಅತ್ತೆಯ ಬಾಚಣಿಗೆಯಲ್ಲಿ! ಅವತ್ತಿನಿಂದ ಮೂವತ್ತಾರು ವರ್ಷ ಅತ್ತೆ ಆ ಸ್ವಿಚ್ಚನ್ನು ಬಯ್ದಿದ್ದಾರೆಯೇ ಹೊರತು ಹಗಲಲ್ಲಿ ಮುಟ್ಟಿಲ್ಲ.

ಈ ಬೇಸಿಗೆ ಮಾತ್ರ ಎಲ್ಲ ಬೇಸಿಗೆಯಂಥದ್ದಲ್ಲ. ಹೋದ ವಾರ ಒಂದು ಮಧ್ಯಾಹ್ನ ಮಾಮ ಕೂತಲ್ಲಿಯೇ ಮೇಜಿನ ಮೇಲೆ ತಲೆ ವಾಲಿಸಿದರು. ನೀರು ಚಿಮುಕಿಸಿ ಎಬ್ಬಿಸಿ, ಆಟೋದಲ್ಲಿ ಹಾಕಿಕೊಂಡು ಹೋದರೆ ಡಾಕ್ಟರು ಮುಲಾಜಿಲ್ಲದೆ ಹೇಳಿದರು: “ಅಂಥ ಬೇಗೆಯ ರೂಮಲ್ಲಿ ಇನ್ನು ಕೂರೋ ಹಾಗಿಲ್ಲ. ಮುಂದಿನ ಸಲ ನನ್ನ ಹತ್ರ ಬರೋಷ್ಟು ಟೈಮ್ ಸಿಗುತ್ತೆ ಅಂತ ನಾನೇನೂ ಹೇಳಲಾರೆ.”

ಮನೆಗೆ ಬಂದವರೇ ಅತ್ತೆ ಚಪ್ಪಲಿ ಕೂಡ ಬಿಡದೆ ಶುರುಮಾಡಿದರು. “ಎಸಿ ಹಾಕಿಸ್ತೀನಿ. ಇಲ್ಲಾಂದ್ರೆ ಆ ಮೇಜನ್ನ ಅಟ್ಟಕ್ಕೆ ಹಾಕಿಸ್ತೀನಿ. ಎರಡರಲ್ಲಿ ಒಂದು.”

ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆದರೂ ತನ್ನ ಎದೆಗೇ ಹೊಡೆದ ಹಾಗೆ ಒದ್ದಾಡುವ ಓನರು, ಗೋಡೆ ಕೊರೆಯುವ ಮಾತೆತ್ತಿದರೆ ಬಿಟ್ಟಾರೆಯೇ? ಹಾಗಾಗಿ ಉಳಿದದ್ದು ಎರಡೇ ದಾರಿ. ಕಿಟಕಿಯಲ್ಲಿ ಕೂರಿಸುವ ಎಸಿ, ಇಲ್ಲವೇ ಚಕ್ರದ ಮೇಲೆ ತಳ್ಳಿಕೊಂಡು ಓಡಾಡಿಸುವ ಎಸಿ. ಅಂಗಡಿಯ ಫಿಟ್ಟರು ಬಂದು ಟೇಪು ಹಿಡಿದು ಕಿಟಕಿ ಅಳೆದ. “ಕಿಟಕೀದೇ ಒಳ್ಳೇದು ಅತ್ತೆ. ಬೇಗ ತಂಪಾಗುತ್ತೆ, ಬಾಳಿಕೇನೂ ಬರುತ್ತೆ. ಮೇಲಿನ ಅರ್ಧ ಮುಚ್ಚಿಹೋಗುತ್ತೆ ಅಷ್ಟೆ.”

“ಅಷ್ಟೆ ಅಂತೆ, ಅಷ್ಟೆ!” ಮಾಮ ಕುರ್ಚಿಯಿಂದ ಎದ್ದೇಬಿಟ್ಟರು. “ಬೆಳಕು ಬರೋದೇ ಮೇಲಿನ ಅರ್ಧದಿಂದ ಕಣಯ್ಯಾ. ಅದನ್ನ ಮುಚ್ಚಿ ನಾನೇನು ವಾಚನ್ನ ಮೂಸಿ ನೋಡಿ ರಿಪೇರಿ ಮಾಡ್ಲಾ?”

ಮಾತು ಸರಿಯಾಗಿಯೇ ಇತ್ತು. ಆದರೆ ಅದರ ಹಿಂದೆ ಇನ್ನೊಂದು ಮಾತು ಅಡಗಿತ್ತು. ಅದನ್ನು ಮಾಮ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಅವರ ಬಲಗಣ್ಣು ಮಂಜಾಗುತ್ತಿತ್ತು. ಮೂವತ್ತೆಂಟು ವರ್ಷ ಭೂತಗನ್ನಡಿ ಸಿಕ್ಕಿಸಿಕೊಂಡ ಕಣ್ಣು ಅದು. ಹೋದ ವರ್ಷದಿಂದ, ಎಣ್ಣೆ ಕೈಯಲ್ಲಿ ಮುಟ್ಟಿದ ಗಾಜಿನಾಚೆ ನೋಡಿದ ಹಾಗೆ. ಭೂತಗನ್ನಡಿಯನ್ನು ಸದ್ದಿಲ್ಲದೆ ಎಡಗಣ್ಣಿಗೆ ಬದಲಾಯಿಸಿದ್ದರು. ಆ ಕಣ್ಣಿಗೆ ಕೆಲಸ ಗೊತ್ತಿಲ್ಲ. ಕಾಣದಿದ್ದುದನ್ನು ಕಿವಿಯಿಂದ ತುಂಬಿಸಿಕೊಳ್ಳುತ್ತಿದ್ದರು: ವಾಚನ್ನು ಕಿವಿಗೆ ಒತ್ತಿಹಿಡಿದು, ಟಿಕ್ ಟಿಕ್ ಎಲ್ಲಿ ಮುಗ್ಗರಿಸುತ್ತದೆ ಎಂದು ಕೇಳಿ, ಅಲ್ಲಿಗೆ ಚಿಮುಟ ಹಾಕುವುದು. ಹೇಗೋ ನಡೆಯುತ್ತಿತ್ತು. ಅತ್ತೆಗೆ ಗೊತ್ತಾದರೆ ಮುಗಿಯಿತು, ಮೇಜು ಅಟ್ಟಕ್ಕೆ. ಮೇಜಿಲ್ಲದ ಮುಳ್ಳು ಮಾಮ ಯಾರು ಎಂದು ಯೋಚಿಸಿದರೆ ಅವರಿಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು.

ಅದಕ್ಕೇ ತಳ್ಳುವ ಎಸಿಗೆ ಹೂಂ ಅಂದರು. ಅಂಗಡಿಯವನು ಮೂರು ದಿನ ಇಟ್ಟು ನೋಡಿ ಎಂದು ಕೊಟ್ಟ.

ಬಂತು ಮಹಾರಾಯ. ಸೊಂಟದೆತ್ತರದ ಬಿಳಿ ಡಬ್ಬ, ಬೆನ್ನಿನಿಂದ ಹೊರಟ ದಪ್ಪ ಕೊಳವೆ ಕಿಟಕಿಯ ಕೆಳಸಂದಿಯಲ್ಲಿ ಆಚೆಗೆ. ಗಾಳಿಯ ಬಾಯನ್ನು ಗೋಡೆಯ ಕಡೆ ತಿರುಗಿಸಿ ಫಿಟ್ಟರು ಗುಂಡಿ ಒತ್ತಿದ. ತಂಪೇನೋ ಬಂತು. ಜೊತೆಗೆ ಗುಂಯ್ ಎನ್ನುವ ಸದ್ದೂ ಬಂತು. ಕಿಟಕಿಯ ಎಸಿಯಾದರೆ ಅರ್ಧ ಗಲಾಟೆ ಹೊರಗಿರುತ್ತದೆ. ಇದರದು ಅಷ್ಟೂ ಒಳಗೇ. ಅದರ ಅದುರು ನೆಲದಿಂದ ಮೇಜಿಗೆ, ಮೇಜಿನಿಂದ ಮೊಣಕೈಗೆ ಹತ್ತಿತು. ಫಿಟ್ಟರು ಅತ್ತೆಗೆ ಪಾಠ ಹೇಳುತ್ತಿದ್ದ: “ಈ ಹವೆಗೆ ದಿನಕ್ಕೆ ಅರ್ಧ ಬಕೆಟ್ ನೀರಾದರೂ ಇಳಿಯುತ್ತೆ. ಸಂಜೆ ಈ ಬಿರಡೆ ತೆಗೆದು ಚೆಲ್ಲಿಬಿಡಿ.”

ಮಾಮ ಮೇಜಿನ ಮೇಲಿದ್ದ ವಾಚನ್ನು ಕಿವಿಗಿಟ್ಟರು. ಗುಂಯ್. ಬೇರೇನೂ ಇಲ್ಲ.

ಆ ವಾಚು ಆಸ್ಪತ್ರೆಯ ಹಿರಿಯ ನರ್ಸಿನದು. ಕೀ ಕೊಡುವ ಹಳೆಯ ವಾಚು, ಅವರು ನಾಡಿ ಎಣಿಸುವುದು ಅದರಲ್ಲಿಯೇ. ಮಾಮ ರಿಪೇರಿ ಮಾಡಿಕೊಟ್ಟ ಮೇಲೆ ಎರಡು ಸಲ ವಾಪಸು ಬಂದಿತ್ತು. ಅಷ್ಟು ವರ್ಷದಲ್ಲಿ ಅವರ ಕೈಯಿಂದ ಹೋದ ಒಂದು ವಾಚೂ ಹಾಗೆ ಬಂದಿರಲಿಲ್ಲ. “ಮಾಮ, ನಾಡಿ ಹಿಡ್ಕೊಂಡು ನಿಂತಿದ್ದೀನಿ, ಮುಳ್ಳು ನಿಂತೇಹೋಯ್ತು!” ಎಂದಿದ್ದರು ಸಿಸ್ಟರು. “ಪೇಷೆಂಟೇ ನಿಂತುಹೋದ್ರು ಅಂತ ನನ್ನ ಜೀವ ಬಾಯಿಗೆ ಬಂತು. ಶನಿವಾರ ನಾಲ್ಕು ಗಂಟೆಗೆ ಬರ್ತೀನಿ. ಈ ಸಲ ಕೈಕೊಟ್ರೆ ನಿಮ್ಮ ಮುಂದೇನೇ ಕಸದ ಬುಟ್ಟಿಗೆ ಹಾಕಿ ಹೋಗ್ತೀನಿ.”

ಗುರುವಾರ ಅತ್ತೆ ಕೆಲಸಕ್ಕೆ ಹೋದ ಮರುಕ್ಷಣವೇ ಮಾಮ ಮಷೀನು ಆರಿಸಿದರು. ಬನಿಯನ್ನು ಬಿಚ್ಚಿಟ್ಟು, ಹಣೆಗೆ ಬಟ್ಟೆ ಬಿಗಿದು, ವಾಚು ಕಿವಿಗೆ ಒತ್ತಿಕೊಂಡು ಕೂತರು. ನಡೆಯುತ್ತದೆ, ನಡೆಯುತ್ತದೆ, ಒಂದು ಕಡೆ ಸಣ್ಣಗೆ ಉಜ್ಜಿದ ಹಾಗೆ, ನಿಲ್ಲುತ್ತದೆ. ಬಿಚ್ಚಿದರೆ ಕಾಣುವುದಿಲ್ಲ. ಸಂಜೆ ಅತ್ತೆ ಬರುವ ಹೊತ್ತಿಗೆ ಕಳ್ಳನಂತೆ ಎದ್ದು ಮತ್ತೆ ಗುಂಡಿ ಒತ್ತಿದರು. “ಹೇಗಿದೆ?” ಎಂದು ಅತ್ತೆ ಕೇಳಿದರೆ, “ಸ್ವರ್ಗ,” ಎಂದರು. ಶುಕ್ರವಾರವೂ ಅದೇ ನಾಟಕ. ಮಧ್ಯಾಹ್ನ ಎರಡಕ್ಕೆ ತಲೆ ಗಿರ್ರೆಂದಿತು; ಗೋಡೆ ಹಿಡಿದುಕೊಂಡು ಹೋಗಿ ನಲ್ಲಿಯ ಕೆಳಗೆ ತಲೆಯೊಡ್ಡಿ ಬಂದು ಮತ್ತೆ ಕೂತರು. ಏನು ಹಟವೋ ಏನು ಕರ್ಮವೋ. ಸತ್ತರೂ ಸರಿ, ಆ ವಾಚು ನಡೆಯಬೇಕು, ಅಷ್ಟೇ ಅವರ ತಲೆಯಲ್ಲಿದ್ದದ್ದು.

ಶನಿವಾರ ಅತ್ತೆಗೆ ಅರ್ಧ ದಿನದ ಕೆಲಸ ಎಂಬುದು ಮಾಮನಿಗೆ ಮರೆತೇಹೋಗಿತ್ತು. ಗೇಟಿನ ಸದ್ದು ಕೇಳಿ ಗುಂಡಿ ಒತ್ತುವಷ್ಟರಲ್ಲಿ ಅತ್ತೆ ಬಾಗಿಲಲ್ಲಿದ್ದರು. ಒಳಗಿನಿಂದ ಬೇಸಿನ್ನು ತಂದು ಮಷೀನಿನ ಕೆಳಗಿಟ್ಟು ಬಿರಡೆ ಕಿತ್ತರು. ಒಂದು ಹನಿ ಬೀಳಲಿಲ್ಲ.

“ನಿನ್ನೇನೂ ಹೀಗೇ ಒಣಗಿತ್ತು. ಮೊನ್ನೇನೂ,” ಎಂದರು ಅತ್ತೆ. “ನಾನು ಮಷೀನೇ ಸರಿಯಿಲ್ಲ ಅಂದ್ಕೊಂಡಿದ್ದೆ. ಸರಿಯಿಲ್ಲದಿರೋದು ನೀವು.”

“ಸದ್ದು ಜಾಸ್ತಿ ಕಣೇ.”

“ಸದ್ದಿಗೆ ಹೆದರಿ ಸಾಯೋಕೆ ಕೂತಿದ್ರಾ? ಹೆಂಡ್ತಿ ಮಾತನ್ನ ಮೂವತ್ತಾರು ವರ್ಷ ಕಿವಿಗೆ ಹಾಕ್ಕೊಳ್ದೆ ಇದ್ದವರಿಗೆ ಈ ಡಬ್ಬದ ಸದ್ದು ದೊಡ್ಡದಾಯ್ತಾ? ಹೇಳ್ರೀ!”

ಮಾಮನಿಗೆ ನಗು ಬರಬೇಕಿತ್ತು. ಬರಲಿಲ್ಲ. ಎರಡೂವರೆ ಆಗಿತ್ತು, ನಾಲ್ಕಕ್ಕೆ ಸಿಸ್ಟರು. ತಪ್ಪಿಸಿಕೊಂಡರೆ ಸಾಕೆಂದು ಬಾಯಿಗೆ ಬಂದದ್ದನ್ನು ಹೇಳಿದರು: “ಆಯ್ತು ಮಾರಾಯ್ತಿ. ಕಿಟಕೀದೇ ಹಾಕಿಸು. ಇದರ ಸದ್ದು ಬೇಡ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅತ್ತೆ ಬೇಸಿನ್ನು ಹಿಡಿದುಕೊಂಡೇ ಅವರ ಮುಖ ನೋಡುತ್ತಿದ್ದರು.

“ಬೆಳಕು ಬೇಡ್ವಾ?”

ಮಾಮ ಚಿಮುಟವನ್ನು ಎತ್ತಿ ಮತ್ತೆ ಅದೇ ಜಾಗದಲ್ಲಿ ಇಟ್ಟರು.

“ಬೆಳಕು ಹೋಗುತ್ತೆ ಅಂತ ಆ ಹುಡುಗನ ಮೇಲೆ ಹಾರಾಡಿದ್ರಿ. ಈಗ ಬೆಳಕು ಬೇಡ, ಸದ್ದು ಬೇಡ. ವಾಚನ್ನ ಯಾಕ್ರೀ ಯಾವಾಗ್ಲೂ ಕಿವಿಗಿಟ್ಕೊಂಡಿರ್ತೀರಿ?” ಅತ್ತೆಯ ದನಿ ಇದ್ದಕ್ಕಿದ್ದಂತೆ ತಗ್ಗಿತು. “ಎಷ್ಟು ದಿನದಿಂದ ಕಾಣಿಸ್ತಿಲ್ಲ?”

“ಎಡಗಣ್ಣಿದೆ,” ಎಂದರು ಮಾಮ. ಅದು ಉತ್ತರವೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅತ್ತೆ ಬೇಸಿನ್ನು ಕೆಳಗಿಟ್ಟು, ಗೋಡೆಯ ಬಳಿ ಹೋಗಿ ಮಷೀನು ಆರಿಸಿ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ವಾಚಿನ ಮೇಲೆ ಬಗ್ಗಿದರು. ಭೂತಗನ್ನಡಿ ಸಿಕ್ಕಿಸಿಕೊಳ್ಳಲು ಬರಲಿಲ್ಲ. ಕೈಯಲ್ಲೇ ಹಿಡಿದು ನೋಡಿದರು. ಬೆವರು ಬೀಳದಂತೆ ಹಣೆಗೆ ಅಂಗೈ ಒತ್ತಿಕೊಂಡಿದ್ದರು.

“ಆ ಚಿನ್ನದ ಬಣ್ಣದ ಚಕ್ರ ಇದೆಯಲ್ಲ, ಅದರ ಹಲ್ಲಲ್ಲಿ ಒಂದು ಕೂದಲು ಸಿಕ್ಕಿದೆ,” ಎಂದರು ಅತ್ತೆ. ಸ್ವಲ್ಪ ತಡೆದು, “ಬಿಳೀದು. ನಿಮ್ಮ ಹುಬ್ಬಿಂದು.”

ಎರಡು ಸಲ ಬಿಚ್ಚಿ, ಎರಡು ಸಲ ಕಟ್ಟಿ, ಮೂರು ದಿನ ಬೆಂದು, ಅವರು ಹುಡುಕುತ್ತಿದ್ದದ್ದು ತಮ್ಮದೇ ಹುಬ್ಬಿನ ಕೂದಲು! ಮಾಮನಿಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ಅವರಿಗೆ ಬದುಕಿನಲ್ಲಿ ಇನ್ಯಾವುದಕ್ಕೂ ಆಗಿರಲಿಲ್ಲ.

“ಚಿಮುಟ ತಗೋ,” ಎಂದರು ಕೊನೆಗೆ. “ಚಕ್ರ ಮುಟ್ಟಬೇಡ. ಕೂದಲಿನ ತುದಿ ಹಿಡಿ. ಎಳೀಬೇಡ, ಎತ್ತು.”

ದಿನವೆಲ್ಲ ದಾರ ಸೂಜಿ ಹಿಡಿಯುವ ಕೈ ಅದು, ನಡುಗಲಿಲ್ಲ. ಕೂದಲು ಬಂತು. ಮುಚ್ಚಳವನ್ನು ಮಾಮನೇ ಹಾಕಿದರು. ಅದಕ್ಕೆ ಕಣ್ಣು ಬೇಕಿಲ್ಲ, ಬೆರಳಿಗೆ ಗೊತ್ತು. ಕಿವಿಗಿಟ್ಟರು. ಎಲ್ಲೂ ಮುಗ್ಗರಿಸದೆ ನಡೆಯುತ್ತಿತ್ತು.

ಮೂರು ದಿನ ಮುಗಿಯಿತೆಂದು ಮೂರೂವರೆಗೆ ಫಿಟ್ಟರು ತಳ್ಳುಗಾಡಿ ತಂದು ಬಿಳಿ ಡಬ್ಬವನ್ನು ಒಯ್ದ. “ಹಾಗಾದ್ರೆ ಕಿಟಕೀದು ಬುಕ್ ಮಾಡ್ಲಾ ಅತ್ತೆ?” ಎಂದ. “ಹೇಳ್ತೀನಿ ಇರಪ್ಪ,” ಎಂದು ಅತ್ತೆ ಬಾಗಿಲು ಹಾಕಿಕೊಂಡರು.

ನಾಲ್ಕಕ್ಕೆ ಸರಿಯಾಗಿ ಸಿಸ್ಟರು ಬಂದರು. ವಾಚು ಕಟ್ಟಿಕೊಂಡು, ತಮ್ಮ ನಾಡಿಯನ್ನೇ ಹಿಡಿದು ಒಂದು ನಿಮಿಷ ಎಣಿಸಿ, “ಈಗ ಜೀವ ಬಂತು ನೋಡಿ! ಏನಾಗಿತ್ತು ಮಾಮ ಇದಕ್ಕೆ?” ಎಂದರು.

ಏನಾದರೂ ಹೇಳಬಹುದಿತ್ತು. ಧೂಳು ಎನ್ನಬಹುದಿತ್ತು.

“ವಾಚಿಗೇನೂ ಆಗಿರಲಿಲ್ಲ ಸಿಸ್ಟರ್. ನನಗೆ ಕಣ್ಣು ಕಾಣ್ತಿಲ್ಲ. ಮುಂದಿನ ಸಲ ಬೇರೆ ಕಡೆ ಕೊಡಿ.”

ಸಿಸ್ಟರು ವಾರ್ಡಿನ ಅಭ್ಯಾಸದಂತೆ ಕೇಳದೆಯೇ ಅವರ ಗದ್ದ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಒಂದೊಂದೇ ಕಣ್ಣು ಅಗಲಿಸಿ ನೋಡಿದರು. ಒಳ್ಳೆಯದೋ ಕೆಟ್ಟದ್ದೋ ಹೇಳಲಿಲ್ಲ. “ಸೋಮವಾರ ಒಂಬತ್ತಕ್ಕೆ ಬನ್ನಿ. ಕಣ್ಣಿನ ಡಾಕ್ಟ್ರಿಗೆ ನಾನೇ ಹೇಳಿರ್ತೀನಿ,” ಎಂದಷ್ಟೇ ಹೇಳಿ ಹೊರಟರು.

ಮಾಮ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿದರು. ಚಿಮುಟ, ಭೂತಗನ್ನಡಿ ಎಲ್ಲ ಹಾಕಿ ಮುಚ್ಚಳ ಮುಚ್ಚಿದರು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆಯೂ ಆಗಿರಲಿಲ್ಲ.

“ಫ್ಯಾನ್ ಹಾಕೇ,” ಎಂದರು.

ಈ ಒಂದು ಮಾತಿಗಾಗಿ ಅತ್ತೆ ಎಷ್ಟು ಜಗಳ ಆಡಿದ್ದರೋ, ಎಷ್ಟು ಸಲ ಮುಖ ಊದಿಸಿಕೊಂಡು ಕೂತಿದ್ದರೋ. ಎದ್ದು ಹೋಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟರು. ಹಾಗೇ ನಿಂತರು. ಮಾಮನಿಗೆ ಮುಖ ಕಾಣುತ್ತಿರಲಿಲ್ಲ, ಆದರೆ ಮೂಗು ಎಳೆದುಕೊಂಡದ್ದು ಕೇಳಿಸಿತು.

“ಹಾಕಲ್ಲ,” ಎಂದರು ಅತ್ತೆ. “ಫ್ಯಾನೋ, ಕಿಟಕಿ ಎಸಿನೋ, ಎಲ್ಲ ಆ ಕಣ್ಣಿನ ಡಾಕ್ಟ್ರು ಹೇಳಿದ ಮೇಲೆ. ಮೂವತ್ತಾರು ವರ್ಷ ಬೆಂದಿದ್ದೀನಿ, ಇನ್ನೆರಡು ದಿನಕ್ಕೇನು ಕರಗಿಹೋಗಲ್ಲ.”

ಒದ್ದೆ ಟವೆಲ್ ತಂದು ಮಾಮನ ಕತ್ತಿನ ಮೇಲೆ ಹಾಕಿದರು. ಪೆಟ್ಟಿಗೆಯ ಮುಚ್ಚಳ ತೆಗೆದು, ಸ್ಕ್ರೂಡ್ರೈವರುಗಳನ್ನು ಮತ್ತೆ ಹೊರಗೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಯಾವುದರ ಪಕ್ಕ ಯಾವುದು ಎಂದು ಅವರಿಗೇನು ಗೊತ್ತು! ಮಾಮ ಕೈಯಿಂದ ತಡವಿ ಒಂದೊಂದನ್ನೂ ಅದರದರ ಜಾಗಕ್ಕೆ ಇಟ್ಟುಕೊಂಡರು.