ಅರ್ಧ ಕೆಜಿ ಹೊಲ

ಕಲ್ಯಾಣದುರ್ಗದ ಕಾಲೇಜಿನ ಗುಮಾಸ್ತರಿಗೆ ಆ ವರ್ಷ ನನ್ನ ಮುಖ ಕಂಡರೆ ಸಾಕು, ತಲೆನೋವು ಶುರುವಾಗುತ್ತಿತ್ತು. ಡಿಗ್ರಿಯ ಮೊದಲ ವರ್ಷ ಅಲ್ಲಿ ಮುಗಿಸಿ, ಎರಡನೇ ವರ್ಷಕ್ಕೆ ಹಿಂದೂಪುರದ ಕಾಲೇಜಿಗೆ ಸೇರಬೇಕೆಂಬುದು ನನ್ನ ಹಟ. ಬೇಸಾಯ ಮತ್ತು ಮಣ್ಣಿನ ಡಿಗ್ರಿ ಅಲ್ಲಿತ್ತು, ಇಲ್ಲಿರಲಿಲ್ಲ. ಆದರೆ ಅಲ್ಲಿಯವರು ಮೊದಲ ವರ್ಷ ಓದಿಸಿದ್ದನ್ನೆಲ್ಲ ನಾನೂ ಓದಿದ್ದೇನೆಂದು ತೋರಿಸಬೇಕಿತ್ತು. ಎರಡೂ ಕಾಲೇಜುಗಳ ಸಿಲಬಸ್ ಜೆರಾಕ್ಸ್ ಮಾಡಿಸಿ, ಹಳೇ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು, ಇದಕ್ಕೆ ಇದು, ಅದಕ್ಕೆ ಅದು ಎಂದು ಜೋಡಿಸುತ್ತಾ ಹೋದೆ. ರಸಾಯನಶಾಸ್ತ್ರ ಕೂತಿತು, ಸಸ್ಯಶಾಸ್ತ್ರ ಕೂತಿತು. ಕೊನೆಗೆ ಒಂದೇ ಒಂದರ ಎದುರು ಜಾಗ ಖಾಲಿ ಉಳಿಯಿತು. ಅದು ಮಣ್ಣಿನ ಪ್ರಾಕ್ಟಿಕಲ್.

"ಬಿಟ್ಬುಡಮ್ಮ, ಇಲ್ಲೇ ಓದ್ಕೊ. ಏನೀಗ?" ಎಂದರು ಗುಮಾಸ್ತರು.

ಏನೀಗ ಅಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೇ ದಿನವೇ ಹಿಂದೂಪುರದ ಬಸ್ಸು ಹತ್ತಿದೆ.

ಅಲ್ಲಿ ಮಣ್ಣಿನ ಪಾಠ ಮಾಡುವ ಸಾರ್ ನಿವೃತ್ತಿಗೆ ಹತ್ತಿರವಾಗಿದ್ದವರು, ನಗು ಕಡಿಮೆ. ನನ್ನ ಕ್ಯಾಲೆಂಡರನ್ನು ಮೇಲಿಂದ ಕೆಳಗೆ ನೋಡಿ ಒಂದು ದಾರಿ ತೋರಿಸಿದರು. ನಮ್ಮ ಹೊಲದ ಮಣ್ಣನ್ನು ನಾನೇ ತೆಗೆದು, ಕಂಡದ್ದನ್ನೆಲ್ಲ ರೆಕಾರ್ಡ್ ಪುಸ್ತಕದಲ್ಲಿ ಬರೆದು, ಸೋಮವಾರ ಎರಡನ್ನೂ ತಂದು ಅವರೆದುರು ಕೂರಬೇಕು. ಅವತ್ತು ಸಂಜೆ ಐದಕ್ಕೆ ಆಫೀಸಿನವರು ಪಟ್ಟಿ ಮುಚ್ಚುತ್ತಾರೆ. ಅಷ್ಟರೊಳಗೆ ಸಾರ್ ಸಹಿ ಬಿದ್ದರೆ ಸೀಟು, ಇಲ್ಲದಿದ್ದರೆ ಇಲ್ಲ.

ನಮ್ಮೂರು ಕುಂದುರ್ಪಿ ಹತ್ತಿರ. ನಮ್ಮ ಹೊಲದ್ದು ಕೆಂಪು ಮಣ್ಣು, ಗೇಣು ಅಗೆದರೆ ಗರಸು ಕಲ್ಲು. ಕೆರೆ ಕೆಳಗಿನ ಕಪ್ಪು ಮಣ್ಣಿನ ಹೊಲ ಪಕ್ಕದ ಬೀದಿಯಲ್ಲಿರುವ ಸೋದರಮಾವನದು. ಅವರ ಮಗಳ ನಿಶ್ಚಿತಾರ್ಥದ ದಿನ ಅತ್ತೆ ಪಂಕ್ತಿಯ ನಡುವೆ ನಿಂತು, "ಇವ್ರ ಹೊಲದಾಗೆ ಕಲ್ಲೊಂದೇ ಕಣಪ್ಪ ಚೆನ್ನಾಗಿ ಬೆಳ್ಯಾದು" ಎಂದು ನಕ್ಕಿದ್ದಳು. ಅಮ್ಮ ಎಲೆ ಬಿಟ್ಟು ಎದ್ದುಬಂದಳು. ಅಲ್ಲಿಂದ ಮೂರು ವರ್ಷ ಅವಳು ಆ ಮನೆಯ ಹೊಸಿಲು ತುಳಿದಿರಲಿಲ್ಲ, ಅದು ತವರಾದರೂ.

ಶನಿವಾರ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಕಡೆ ಗುಂಡಿ ತೆಗೆದೆ. ಕುರಿ ಮಂದೆ ನಿಲ್ಲಿಸಿದ್ದ ಜಾಗ ಬಿಟ್ಟೆ, ಬದುವಿನ ಅಂಚು ಬಿಟ್ಟೆ. ಎಲ್ಲ ಮಣ್ಣನ್ನೂ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ, ಮತ್ತೆ ಮತ್ತೆ ಹಾಗೇ ಮಾಡಿ ಅರ್ಧ ಕೆಜಿಗೆ ಇಳಿಸಿದೆ. ಅದನ್ನು ಪಡಸಾಲೆಯ ನೆರಳಲ್ಲಿ ಹರಡಿ ರೆಕಾರ್ಡ್ ಬರೆಯಲು ಕೂತೆ. ಅಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದಳು.

"ಇದನ್ನ ನೋಡಿ ಸೀಟು ಕೊಡ್ತಾರಾ?"

"ಹೂಂ ಕಣಮ್ಮ, ಇದನ್ನ ನೋಡೇ ಕೊಡಾದು," ಎಂದೆ, ತಲೆ ಎತ್ತದೆ.

ಒಂದು ನಿಮಿಷ ತಲೆ ಎತ್ತಿ ಬಿಡಿಸಿ ಹೇಳಬಹುದಿತ್ತು. ನನಗೆ ಆಗ ಅಷ್ಟು ಪುರುಸೊತ್ತಿರಲಿಲ್ಲ, ಮಹಾ ಓದುವವಳು ನೋಡಿ! ಭಾನುವಾರ ಜೆರಾಕ್ಸ್‌ಗೆಂದು ಕಲ್ಯಾಣದುರ್ಗಕ್ಕೆ ಹೋಗಿ ಬರುವಷ್ಟರಲ್ಲಿ ಅಮ್ಮ ಮಣ್ಣನ್ನು ಬಟ್ಟೆ ಚೀಲಕ್ಕೆ ತುಂಬಿ, ದಬ್ಬಳದಿಂದ ಬಾಯಿ ಹೊಲಿದಿಟ್ಟಿದ್ದಳು.

"ಬಸ್ನಾಗೆ ಚೆಲ್ಬಾರ್ದು ಅಂತ ಹೊಲ್ದಿವ್ನಿ ಕಣೆ."

ಸೋಮವಾರ ಹನ್ನೊಂದು ಗಂಟೆಗೆ ಸಾರ್ ಬ್ಲೇಡಿನಿಂದ ಆ ದಾರ ಕತ್ತರಿಸಿ ಚೀಲವನ್ನು ಟ್ರೇ ಮೇಲೆ ಬೋರಲು ಹಾಕಿದರು. ಕಪ್ಪು ಮಣ್ಣು ಸುರಿಯಿತು. ಅವರು ನಾಲ್ಕು ಹನಿ ನೀರು ಹಾಕಿ ಬೆರಳಲ್ಲಿ ಹೊಸೆದರು, ಶಾವಿಗೆಯ ಹಾಗೆ ಉದ್ದಕ್ಕೆ ಎಳೆ ಬಂತು.

"ಮಂಚಿ ಮಟ್ಟಿ. ಮೀ ಪೊಲಮೇನಾ?" ಒಳ್ಳೆ ಮಣ್ಣು, ನಿಮ್ಮದೇ ಹೊಲವಾ ಎಂದು ತೆಲುಗಿನಲ್ಲಿ ಕೇಳಿದರು. ಅಷ್ಟರಲ್ಲಿ ಫೋನ್ ಬಂದು ಅವರು ಹೊರಗೆ ಹೋದರು.

ರೆಕಾರ್ಡನ್ನು ಅವರಿನ್ನೂ ತೆರೆದಿರಲಿಲ್ಲ. ಅದರಲ್ಲಿ ನನ್ನ ಕೈಬರಹ: ಬಣ್ಣ ಕೆಂಪು, ಮರಳು ಹೆಚ್ಚು, ಉಂಡೆ ನಿಲ್ಲುವುದಿಲ್ಲ. ಪೆನ್ನು ಕೈಯಲ್ಲೇ ಇತ್ತು. ಮೂರು ಮಾತು ತಿದ್ದಿದರೆ ಮುಗಿಯಿತು. ಪೆನ್ನಿನ ಬದಲು ಫೋನ್ ಎತ್ತಿಕೊಂಡೆ.

"ಅಮ್ಮಾ, ಚೀಲದಾಗೆ ಏನೇ ಹಾಕಿದ್ದೀಯ?"

"ಒಳ್ಳೆ ಮಣ್ಣು ಕಣಮ್ಮ. ಆ ಗರಸು ತೋರ್ಸಿದ್ರೆ ಯಾರು ಕೊಟ್ಟಾರು ಸೀಟು? ಕೊಟ್ರಾ?"

"ನನ್ನ ಬಾಳು ಹಾಳು ಮಾಡ್ಬುಟ್ಯಲ್ಲೇ!" ಎಂದು ಕಿರುಚಿದೆ. "ನಮ್ಮ ಮಣ್ಣೆಲ್ಲಿ?"

"ಮಂಕರಿ ಬುಟ್ಟೀಲಿ ಹಂಗೇ ಐತೆ…" ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಸಾರ್ ಬಂದ ಕೂಡಲೇ ನಡೆದದ್ದನ್ನು ಹೇಳಿಬಿಟ್ಟೆ. ಸತ್ಯಸಂಧಳೆಂದಲ್ಲ, ಹೆದರಿ ಹೇಳಿದೆ. ಆ ಕಪ್ಪು ಮಣ್ಣಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದರೂ ನನಗೆ ಉತ್ತರ ಬರುತ್ತಿರಲಿಲ್ಲ. ಅವರು ರೆಕಾರ್ಡನ್ನು ತೆರೆಯದೆಯೇ ಪಕ್ಕಕ್ಕೆ ಸರಿಸಿದರು.

"ಐದರೊಳಗೆ ನಿಮ್ಮ ಮಣ್ಣು ಈ ಮೇಜಿನ ಮೇಲಿದ್ದರೆ ನೋಡೋಣ. ಇಲ್ಲದಿದ್ದರೆ ಮುಂದಿನ ವರ್ಷ ಬಾಮ್ಮ."

ಊರಿಗೆ ಹೋಗಿ ಬರಲು ಹೊತ್ತು ಸಾಲದು, ಅಮ್ಮನೇ ತಂದಾಳೇನೋ ಎಂದು ಬಸ್ ಸ್ಟ್ಯಾಂಡಿಗೆ ಬಂದು ನಿಂತೆ. ಅಮ್ಮನ ಫೋನ್ ರಿಂಗ್ ಆಗಿ ಆಗಿ ಸುಮ್ಮನಾಗುತ್ತಿತ್ತು. ಅಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಅಮ್ಮ ಒಬ್ಬಳೇ ಕಲ್ಯಾಣದುರ್ಗ ದಾಟಿದವಳಲ್ಲ. ಹೊರಟಿದ್ದಾಳೋ, ಅಳುತ್ತಾ ಕೂತಿದ್ದಾಳೋ ತಿಳಿಯದು. ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಪೆನುಕೊಂಡದ ಕಡೆಯಿಂದ ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಓಡಿದೆ. ಕಂಡಕ್ಟರೊಬ್ಬ ಬೈದೂ ಬೈದ.

ನಾಲ್ಕೂ ಇಪ್ಪತ್ತಕ್ಕೆ ಅಮ್ಮ ಇಳಿದಳು. ಮನೆಯಲ್ಲುಟ್ಟಿದ್ದ ಸೀರೆಯಲ್ಲೇ ಬಂದಿದ್ದಳು, ಟವೆಲಿನಲ್ಲಿ ಕಟ್ಟಿದ ಗಂಟು ಎದೆಗೊತ್ತಿಕೊಂಡು. ಫೋನನ್ನು ಮನೆಯಲ್ಲೇ ಮರೆತಿದ್ದಳು. ಇಬ್ಬರೂ ಆಟೋ ಹತ್ತಿದೆವು.

ಸಾರ್ ಗಂಟು ಬಿಚ್ಚಿದರು. ಕೆಂಪು ಮಣ್ಣು, ಸಣ್ಣ ಕಲ್ಲು ಸಮೇತ. ನೀರು ಹಾಕಿ ಉಂಡೆ ಕಟ್ಟಿದರು, ಪುಡಿಯಾಯಿತು. ಆಮೇಲೆ ನನ್ನ ರೆಕಾರ್ಡನ್ನು ಸಾಲು ಸಾಲಾಗಿ ಓದಿದರು. ಗೋಡೆ ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಕುರಿ ಮಂದೆ ನಿಂತ ಜಾಗ ಯಾಕೆ ಬಿಟ್ಟೆ ಎಂದರು. ಅಲ್ಲಿ ಗೊಬ್ಬರ ಹೆಚ್ಚು, ಅದು ಇಡೀ ಹೊಲದ ಲೆಕ್ಕವಲ್ಲ ಸಾರ್ ಎಂದೆ. ಇನ್ನೂ ಮೂರು ಪ್ರಶ್ನೆ ಕೇಳಿ ಸಹಿ ಹಾಕಿದರು.

ಅಮ್ಮನಿಗೆ ನಂಬಿಕೆ ಬರಲಿಲ್ಲ. "ಸಾರ್, ಈ ಮಣ್ಣಿಗೂ ಕೊಡ್ತೀರಾ?"

"ಮಣ್ಣಿಗಲ್ಲಮ್ಮ, ನಿಮ್ಮ ಮಗಳಿಗೆ."

ಆಫೀಸಿಗೆ ಓಡಿ ಕಾಗದ ಕೊಟ್ಟು ಬಂದಾಗ, ಅಮ್ಮ ಟ್ರೇಯಲ್ಲಿದ್ದ ಕಪ್ಪು ಮಣ್ಣನ್ನು ಒಂದು ಚೂರೂ ಬಿಡದೆ ಚೀಲಕ್ಕೆ ತುಂಬುತ್ತಿದ್ದಳು. ಕೆರೆಯಂಗಳದಿಂದ ಬಾಚಿ ತಂದದ್ದಿರಬೇಕು ಎಂದುಕೊಂಡಿದ್ದೆ. ಊರಿಗೆ ಹೊರಟ ಬಸ್ಸು ಸೋಮಂದೇಪಲ್ಲಿ ದಾಟಿದ ಮೇಲೆ, ಕೋಪ ಇನ್ನೂ ಪೂರ್ತಿ ಇಳಿಯದೆ, "ಕೆರೆ ಮಣ್ಣನ್ನ ಯಾಕೆ ಹೊತ್ಕಂಡ್ ಬತ್ತಿದ್ದೀಯ, ಅಲ್ಲೇ ಬುಟ್ಟು ಬರ್ಬಾರ್ದಿತ್ತಾ?" ಎಂದೆ.

"ಕೆರೇದಲ್ಲ ಕಣೆ. ನಿಮ್ಮತ್ತೆ ಹೊಲದ್ದು. ನಿನ್ನೆ ಬೆಳಿಗ್ಗೆ ಹೋಗಿ ಕೇಳಿ ತಂದೆ."

"ಏನಂದ್ಳು?" ಎಂದೆ.

"ಏನೋ ಅಂದ್ಳು, ಬುಡು." ಅಮ್ಮ ಕಿಟಕಿಯ ಕಡೆ ತಿರುಗಿದಳು. "ನಾಳೆ ವಾಪಸ್ ಕೊಟ್ಬತ್ತೀನಿ."

ಬೆಳಿಗ್ಗೆ ಫೋನಿನಲ್ಲಿ ಕಿರುಚಿದ್ದು ನೆನಪಾಯಿತು. ತಪ್ಪಾಯ್ತು ಎನ್ನಲು ನನಗೆ ಅವತ್ತೂ ಬರಲಿಲ್ಲ, ಇವತ್ತೂ ಬರುವುದಿಲ್ಲ. ಅವಳ ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ.

"ನೀನ್ ಹೋಗ್ಬೇಡ ಕಣಮ್ಮ. ನಾನೇ ಹೋಯ್ತೀನಿ."

"ಹೂಂ, ಹೋಗು," ಎಂದಳು ಅಮ್ಮ. "ನಮ್ಮ ಮಣ್ಣೇ ಸಾಕಾಯ್ತು ಅಂತ ಹೇಳ್ಬುಟ್ಟು ಬಾ."