ಮೈಕಿಗೊಂದು ಪರ್ಮಿಷನ್

"ಪೀಣ್ಯದಲ್ಲಿ ಲೇತ್ ಮಷೀನ್ ಓಡಿಸೋಳು ಪಾರ್ಟಿ ನಡೆಸ್ತಾಳಂತೆ!" ಎಂದು ನಕ್ಕಿದ್ದವನು ನನ್ನ ಸ್ವಂತ ಅಣ್ಣ. ಜನರ ಕಸುಬಿಗೆ ಸರ್ಕಾರ ಅಡ್ಡ ಬರಬಾರದು ಎನ್ನುವ ಪುಟ್ಟ ಪಾರ್ಟಿಗೆ ನಾನೇ ಅಧ್ಯಕ್ಷೆ. ದಾಸರಹಳ್ಳಿಯಲ್ಲಿ ಮೊದಲ ಸಭೆ. ಅದು ನಡೆಯದಿದ್ದರೆ ಅಣ್ಣ ಗೆದ್ದ ಹಾಗೆ. ಮೈಕಿಗೆ ಪರ್ಮಿಷನ್ ಕೇಳಲು ಪೊಲೀಸ್ ಠಾಣೆಗೆ ಹೋದೆ.

"ಏನು ಮಾತಾಡ್ತೀರಿ ಮೇಡಂ?" ಹೆಡ್ ಕಾನ್‌ಸ್ಟೇಬಲ್ ಕೇಳಿದರು.

"ಎಲ್ಲದಕ್ಕೂ ಪರ್ಮಿಷನ್ ಕೇಳೋದು ತಪ್ಪು ಅಂತ."

ಪೆನ್ನು ನಿಂತಿತು. "ಅದನ್ನ ಹೇಳೋಕೂ ಪರ್ಮಿಷನ್ ಕೇಳ್ತಿದೀರಲ್ಲ!"

"ಕೇಳದಿದ್ರೆ ಮೈಕ್ ಎತ್ಕೊಂಡು ಹೋಗ್ತೀರಲ್ಲ ಸಾರ್."

ನಕ್ಕು ಸೀಲ್ ಒತ್ತಿದರು.

ಸಭೆಗೆ ಬಂದವರು ಒಂಬತ್ತೇ ಜನ. ಮುಗಿದ ಮೇಲೆ ಲುಂಗಿಯಲ್ಲಿದ್ದ ಒಬ್ಬರು ಹತ್ತಿರ ಬಂದರು. ಅದೇ ಹೆಡ್ ಕಾನ್‌ಸ್ಟೇಬಲ್!

"ನಮ್ಮನೆಯೋಳು ಫ್ಲೋರ್ ಮಿಲ್ ಹಾಕ್ಬೇಕು ಅಂತಾಳೆ. ನೀವು ಗೆದ್ರೆ ಲೈಸೆನ್ಸ್ ಬೇಡ್ವಾ?"

"ಬೇಡ ಸಾರ್."

"ಯಾವಾಗ ಗೆಲ್ತೀರಿ?"

ಇನ್ನೂ ಗೆದ್ದಿಲ್ಲ. ಆ ಮೈಕ್ ಸೆಟ್ ಮಾತ್ರ ಇವತ್ತಿಗೂ ನನ್ನ ಸ್ವಂತದ್ದು. ಅದನ್ನು ಕೊಳ್ಳಲು ನನ್ನ ಎರಡು ಲೇತ್‌ಗಳಲ್ಲಿ ಒಂದನ್ನು ಮಾರಿದ್ದೆ.